ಕೇರ್‌ಫುಲ್, ಟಿಮಿಡ್ ಮತ್ತು ನಾನು ಬರೆದ ಬಿನ್ನವತ್ತಳೆ

ಇಂಗ್ಲಿಷಿನ ಎರಡು ಪದಗಳ ವಿಷಯಕ್ಕೆ ನಾನು ಒಬ್ಬ ಮನುಷ್ಯನ ಮೇಲೆ ಇವತ್ತಿಗೂ ಹಗೆ ಇಟ್ಟುಕೊಂಡಿದ್ದೇನೆ. ಆತ ಸತ್ತಿದ್ದಾನೋ ಬದುಕಿದ್ದಾನೋ ಗೊತ್ತಿಲ್ಲ. ಬದುಕಿದ್ದರೆ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಪದಗಳು ದೊಡ್ಡವೇನಲ್ಲ. ಒಂದು ಕೇರ್‌ಫುಲ್, ಇನ್ನೊಂದು ಟಿಮಿಡ್. ನಿಘಂಟಿನಲ್ಲಿ ಮೊದಲನೆಯದಕ್ಕೆ ಎಚ್ಚರಿಕೆಯುಳ್ಳವನು ಎಂದಿರುತ್ತದೆ, ಎರಡನೆಯದಕ್ಕೆ ಪುಕ್ಕಲು, ಅಂಜುಬುರುಕ. ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು, "ಇಬ್ಬರೂ ರಸ್ತೆ ದಾಟುವ ಮುಂಚೆ ನಿಲ್ಲುತ್ತಾರೆ. ಕೇರ್‌ಫುಲ್ ಆದವನು ಎರಡೂ ಕಡೆ ನೋಡಿ ದಾಟುತ್ತಾನೆ. ಟಿಮಿಡ್ ಆದವನು ನಿಂತೇ ಇರುತ್ತಾನೆ" ಎಂದಿದ್ದರು. ಪರೀಕ್ಷೆಗೆ ಅಷ್ಟು ಸಾಕಾಯಿತು. ಭೂಮಿಯ ಕೆಳಗೆ ಸಾಕಾಗಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ಬಿ.ಎ. ಮುಗಿಸಿ ಕೋಲಾರದ ಚಿನ್ನದ ಗಣಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಊರು ಬಂಗಾರಪೇಟೆಯ ಪಕ್ಕದ ಹಳ್ಳಿ. ಬೆಳಗ್ಗೆ ಹುರುಳಿ ಹೊಲದ ಬದು ಹಿಡಿದು ಸ್ಟೇಷನ್ನಿಗೆ ಬಂದು, ಮಾರಿಕುಪ್ಪಂ ಗಾಡಿ ಹತ್ತಿ, ಉರಿಗಾಂನಲ್ಲಿ ಇಳಿಯುತ್ತಿದ್ದೆ. ಕೆಲಸ ಕೊಡಿಸಿದವನು ಸೋದರಮಾವ. ಅವನು ಹೆಬ್ಬೆಟ್ಟು. ಆದರೂ ಗಣಿಯೊಳಗೆ ಅವನ ಮಾತು ನಡೆಯುತ್ತಿತ್ತು, ಯಾಕೆಂದರೆ ಅವನು ಬಂಡೆ ತಟ್ಟುವವನು.

ಪಾಳಿ ಶುರುವಾಗುವ ಮುಂಚೆ, ಹಿಂದಿನ ಪಾಳಿಯವರು ಸಿಡಿಸಿ ಹೋದ ಜಾಗಕ್ಕೆ ಅವನೊಬ್ಬನೇ ಹೋಗುತ್ತಿದ್ದ. ಎಡಗೈ ತಲೆಯ ಮೇಲಿನ ಬಂಡೆಗೆ ಆನಿಸಿ, ಬಲಗೈಯ ಹಾರೆಯಿಂದ ಮೆಲ್ಲಗೆ ತಟ್ಟುತ್ತಿದ್ದ. ಗಟ್ಟಿ ಬಂಡೆ ಗಂಟೆಯ ಹಾಗೆ ಅನ್ನುತ್ತದೆ. ಸಡಿಲವಾದದ್ದು ಬಿರುಕು ಬಿಟ್ಟ ಮಡಕೆಯ ಹಾಗೆ ದಬ್ ಅನ್ನುತ್ತದೆ. ಕಿವಿ ತಪ್ಪಿದರೂ ಅಂಗೈಗೆ ಆ ನಡುಕ ತಿಳಿಯುತ್ತದೆ. ಅವನು "ಊಂ, ಬರ್ರಿ" ಅನ್ನುವವರೆಗೆ ಉಳಿದವರು ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ತಲೆ ಅಲ್ಲಾಡಿಸಿದನೋ, ಸಡಿಲ ಬಂಡೆ ಕೆಡವಿ, ಮರದ ಕಂಬ ಕೊಟ್ಟು, ಆಮೇಲೇ ಕೆಲಸ. ಅದಕ್ಕೆ ಒಂದು ಗಂಟೆಯೂ ಆಗಬಹುದು, ಮೂರೂ ಆಗಬಹುದು.

ಮನೆಯಲ್ಲಿ ನನಗೆ ತಮಾಷೆಗೆ ಕಲಿಸಿದ್ದ. ರಾಗಿ ತುಂಬಿಡುವ ಗುಡಾಣಗಳನ್ನು ಗೆಣ್ಣಿನಲ್ಲಿ ತಟ್ಟಿ, "ಯಾವ್ದು ಬಿರುಕು ಬಿಟ್ಟೈತೆ ಏಳು ನೋಡಾನ" ಅನ್ನುತ್ತಿದ್ದ. ತಪ್ಪು ಹೇಳಿದರೆ, "ಬಿ.ಎ. ಮಾಡಿ ಏನ್ ಬಂತ್ಲಾ? ಬಂಡೆ ಸುಳ್ಳಾಡಲ್ಲ ಕಣ್ಲಾ. ನಮ್ಗೇ ಕೇಳೋ ತಾಳ್ಮೆ ಇರಲ್ಲ" ಎಂದು ನಗುತ್ತಿದ್ದ.

ಆಗ ನಮ್ಮ ವಿಭಾಗಕ್ಕೆ ಹೊಸ ಮೇಲಧಿಕಾರಿ ಬಂದ. ಎಲ್ಲರೂ ಅವನನ್ನು ದೊರೆ ಅನ್ನುತ್ತಿದ್ದರು. ಬಿಳಿಯರ ಕಾಲ ಮುಗಿದಿತ್ತು, ಹಾಗೆ ಕರೆಯುವ ಅಭ್ಯಾಸ ಮುಗಿದಿರಲಿಲ್ಲ. ನಮ್ಮವನೇ, ಕನ್ನಡದವನೇ. ಮಾವ ಬಂಡೆ ತಟ್ಟುತ್ತಿರುವಾಗ ಹೊರಗೆ ಇಪ್ಪತ್ತು ಜನ ಸುಮ್ಮನೆ ಕುಕ್ಕರಗಾಲಲ್ಲಿ ಕೂತಿರುವುದು ಅವನಿಗೆ ಕಣ್ಣಿಗೆ ಚುಚ್ಚುತ್ತಿತ್ತು.

ವರ್ಷಕ್ಕೊಮ್ಮೆ ಪ್ರತಿಯೊಬ್ಬ ಕೆಲಸಗಾರನ ಸ್ವಭಾವವನ್ನು ರಿಜಿಸ್ಟರಿನಲ್ಲಿ ಒಂದೆರಡು ಇಂಗ್ಲಿಷ್ ಪದಗಳಲ್ಲಿ ಬರೆದಿಡುವ ಪದ್ಧತಿ ಇತ್ತು. ದೊರೆ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಮಾವನ ಸರದಿ ಬಂತು.

"ಈ ಮುದುಕನಿಗೆ ಟಿಮಿಡ್ ಅಂತ ಬರೀರಿ."

"ಸಾರ್, ಕೇರ್‌ಫುಲ್ ಅನ್ನಬಹುದೇನೋ."

"ಏನ್ರೀ ವ್ಯತ್ಯಾಸ? ಕೇರ್‌ಫುಲ್ ಆದರೂ ಕೆಲಸ ಎರಡು ಗಂಟೆ ಲೇಟು, ಟಿಮಿಡ್ ಆದರೂ ಎರಡು ಗಂಟೆ ಲೇಟು." ಆಮೇಲೆ ಸಿಗರೇಟಿನ ಬೂದಿ ಕೊಡವುತ್ತಾ, "ಅವನು ನಿಮ್ಮ ಮಾವ ಅಲ್ವಾ? ಕೆಲಸ ಕೊಡಿಸಿದವನು?" ಎಂದ.

ನಾನು ಬರೆದೆ. ಐದು ಅಕ್ಷರ. ನನ್ನ ಕೈಬರಹ ಚೆನ್ನಾಗಿದೆ ಎಂದು ಆಫೀಸಿನಲ್ಲಿ ಹೆಸರಿತ್ತು.

ಆ ಪದದ ಆಧಾರದ ಮೇಲೆ ಒಂದು ವಾರದಲ್ಲಿ ಮಾವನನ್ನು ಮೇಲಕ್ಕೆ, ಮರದ ಕಂಬ ಜೋಡಿಸುವ ಅಂಗಳಕ್ಕೆ ಹಾಕಿದರು. ಹಾರೆ ಇನ್ನೊಬ್ಬನ ಕೈಗೆ ಹೋಯಿತು. ಮೂವತ್ತರ ಆಸುಪಾಸಿನ ತಮಿಳಿನವನು, ಗಟ್ಟಿಮುಟ್ಟಾದ ಆಳು. ಮಾವನೇ ಅವನನ್ನು ಕರೆದು ಹೇಳಿದ: "ಕೈ ಇಟ್ಟು ಕೇಳು ತಮ್ಮಾ. ಕೇಳಿಸ್ಕಳ್ದೆ ಬರ್ರಿ ಅನ್ಬೇಡ. ಯಾರ್ ಕೂಗಿದ್ರೂ ತಿರುಗಿ ನೋಡ್ಬೇಡ."

"ಸರಿಣ್ಣೇ" ಎಂದ ಅವನು.

ಈಗ ಆ ದಿನದ ಮಾತು. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೂರನೆಯ ಪೆಟ್ಟಿನ ಹತ್ತಿರ ಬಂದು ನಿಲ್ಲುತ್ತೇನೆ.

ಹಾಜರಿಯಲ್ಲಿ ಏನೋ ತಪ್ಪಾಗಿತ್ತು. ಕೆಲಸದ ಜಾಗದಲ್ಲೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂದು ದೊರೆ ನನ್ನನ್ನು ಬೆಳಗಿನ ಪಾಳಿಯಲ್ಲಿ ಕೆಳಗೆ ಕರೆದುಕೊಂಡು ಹೋದ. ಜನರನ್ನು ಗಣಿಯೊಳಗೆ ಇಳಿಸುವ ಕೇಜಿನಿಂದ ಇಳಿದ ಕಡೆ ದೊಡ್ಡ ದೀಪ ಉರಿಯುತ್ತದೆ. ಅವನು ಅಲ್ಲೇ ನಿಂತ. ನಾನು ರಿಜಿಸ್ಟರ್ ಹಿಡಿದು ಗುಂಪಿನ ಹಿಂದೆ ಹೋದೆ. ಸೆಖೆಗೆ ಶಾಯಿ ಮೆತ್ತಿದ ಬೆರಳುಗಳು ಕಾಗದಕ್ಕೆ ಅಂಟಿಕೊಳ್ಳುತ್ತಿದ್ದವು.

ಮುಂದೆ ಆ ತಮಿಳಿನವನು ತಟ್ಟಿದ. ಗಂಟೆ. ಒಂದು ಹೆಜ್ಜೆ ಮುಂದಿಟ್ಟು ತಟ್ಟಿದ. ಗಂಟೆ. ಮೂರನೆಯದು ದಬ್ ಎಂದಿತು.

ನನಗೆ ಕೇಳಿಸಿತು. ಗುಡಾಣ ತಟ್ಟಿ ತಟ್ಟಿ ಪಳಗಿದ ಕಿವಿ. ಅವನಿಗೂ ಕೇಳಿಸಿತು, ಕೈ ಬಂಡೆಯ ಮೇಲೇ ಇತ್ತು. ಆದರೆ ಅವನು ಬಂಡೆಯ ಕಡೆ ನೋಡಲಿಲ್ಲ. ತಿರುಗಿ ದೊಡ್ಡ ದೀಪದ ಕಡೆ ನೋಡಿದ.

ದೊರೆ ಅಲ್ಲಿಂದಲೇ ಕೂಗಿದ: "ಏನಯ್ಯಾ, ನೀನೂ ಟಿಮಿಡ್ಡಾ?"

ಅಷ್ಟು ಹೊತ್ತಿಗೆ ಗಣಿಯವರಿಗೆಲ್ಲ ಆ ಪದ ಬಾಯಿಪಾಠವಾಗಿತ್ತು. ನನ್ನ ಮಾವನ ಅಡ್ಡಹೆಸರೇ ಅದಾಗಿತ್ತು. ಎಲ್ಲರೂ ನಕ್ಕರು. ಅವನೂ ನಕ್ಕ. "ಇಲ್ಲ ದೊರೆ" ಎಂದು, ಹಿಂದಿನವರಿಗೆ "ವಾಂಗ, ಬನ್ನಿ ಬನ್ನಿ" ಅನ್ನುತ್ತಾ ತಾನೇ ಮೊದಲು ಒಳಗೆ ಕಾಲಿಟ್ಟ.

ನಿಲ್ಲು ಎಂದು ನಾನು ಕೂಗಬಹುದಾಗಿತ್ತು. ಬಾಯಿ ತೆರೆದಿದ್ದೆ ಕೂಡ. ಗುಮಾಸ್ತ ಬಂಡೆಯ ವಿಷಯ ಮಾತಾಡಿದರೆ ದೊರೆ ಏನನ್ನುತ್ತಾನೋ ಎಂದು ಯೋಚಿಸಿದೆ. ಅಷ್ಟರಲ್ಲಿ ಮೊದಲು ಗಾಳಿ ಬಂತು. ಸದ್ದು ಆಮೇಲೆ. ಯಾರೋ ಎದೆಗೆ ಒದ್ದಂತಾಗಿ ಬಿದ್ದೆ. ತಲೆಯ ದೀಪ ಆರಿತು. ಮೂಗು, ಬಾಯಿ, ಕಣ್ಣು ಎಲ್ಲ ಪುಡಿ. ಚಿಕ್ಕ ಚಿಕ್ಕ ಕಲ್ಲುಗಳು ಇನ್ನೂ ಬೀಳುತ್ತಿದ್ದವು, ಸಾವಕಾಶವಾಗಿ, ಒಂದಾದ ಮೇಲೊಂದು. ಮುಂದಿನದು ನನ್ನ ಮೇಲೆ ಎಂದು ಕಾಯುತ್ತಾ ರಿಜಿಸ್ಟರನ್ನು ಎದೆಗವಚಿಕೊಂಡು ಮಲಗಿದ್ದೆ. ಯಾರೋ ಅಂಗಿಯ ಕಾಲರ್ ಹಿಡಿದು ಎಳೆದರು.

ಹಿಂದಿದ್ದವರೆಲ್ಲ ಉಳಿದರು. ಅವನೊಬ್ಬ ಹೋದ. ದೀಪದ ಹತ್ತಿರ ಬಂದು ನೋಡಿದರೆ ದೊರೆ ಇರಲಿಲ್ಲ. ಮೊದಲ ಕೇಜಿನಲ್ಲೇ ಮೇಲೆ ಹೋಗಿದ್ದ. ಫೋನ್ ಮಾಡಲು ಹೋಗಿದ್ದೆ ಎಂದು ಆಮೇಲೆ ಹೇಳಿದ. ಸತ್ತವನು ಸರಿಯಾಗಿ ತಟ್ಟದೆ ಒಳಗೆ ಹೋದ ಎಂದು ವರದಿಯಾಯಿತು. ಟೈಪ್ ಮಾಡಿದ್ದು ನಾನೇ.

ಮಣ್ಣು ಮಾಡಿ ಬಂದ ಮಾರನೆಯ ದಿನ ಮಾವ ಕಂಬಗಳ ಮೇಲೆ ಕೂತಿದ್ದ. "ನಂಗೆ ಆರೆ ಕೊಡ್ಸ್ಲಾ" ಎಂದ. "ಇನ್ನೊಂದ್ ಎಣ ನೋಡಾಕಾಗಲ್ಲ. ಸಂಬಳ ಇಷ್ಟೇ ಇರ್ಲಿ. ಆರೆ ನನ್ ಕೈಗ್ ಬರ್ಬೇಕು."

ಅದೊಂದೇ ಅವನು ಕೇಳಿದ್ದು. ಅಷ್ಟು ವರ್ಷದಲ್ಲಿ ನನ್ನನ್ನು ಬೇರೇನೂ ಕೇಳಿದವನಲ್ಲ. ನಾನು ದೊರೆಗೆ ಎರಡು ಸಲ ಹೇಳಿದೆ, ಕೇಳಿಸದವನಂತೆ ಇದ್ದ. ಕೊನೆಗೆ ಅವನಿಗೆ ವರ್ಗವಾಯಿತು, ಬಡ್ತಿಯ ಮೇಲೆ. ಆಗ ಮಾವ ತಾನೇ ಅವನ ಬಂಗಲೆಗೆ ಹೋಗಿ ಕೈಮುಗಿದು ನಿಂತ. ಹೋಗುವವನ ಧಾರಾಳತನದಲ್ಲಿ ದೊರೆ, "ಆಯ್ತು, ಹೋಗೋ ಮುಂಚೆ ಸೈನ್ ಮಾಡ್ತೀನಿ" ಎಂದನಂತೆ. ಟಿಮಿಡ್ ಎಂಬುದನ್ನು ಹೊಡೆದುಹಾಕಿ ಮಾವನನ್ನು ಮತ್ತೆ ಕೆಳಗೆ ಕಳಿಸುವ ಪತ್ರವನ್ನು ನಾನೇ ಟೈಪ್ ಮಾಡಿ ಅವನ ಮೇಜಿನ ಮೇಲಿಟ್ಟೆ.

ಅದೇ ವಾರ ನಾಲ್ಕು ಜನ ಮೇಸ್ತ್ರಿಗಳು ನನ್ನ ಹತ್ತಿರ ಬಂದರು. ದೊಡ್ಡವರು ವರ್ಗವಾಗಿ ಹೋಗುವಾಗ ಬಿನ್ನವತ್ತಳೆ ಅಚ್ಚು ಹಾಕಿಸಿ, ಗಾಜಿನ ಫ್ರೇಮು ಕಟ್ಟಿಸಿ, ಸಭೆಯಲ್ಲಿ ಓದಿ ಒಪ್ಪಿಸುವುದು ವಾಡಿಕೆ.

"ಏನಪ್ಪಾ ಬಿ.ಎ., ಇಂಗ್ಲಿಷ್‌ನಾಗೆ ಜೋರಾಗಿ ಬರೀಬೇಕು" ಎಂದ ಹಿರಿಯ ಮೇಸ್ತ್ರಿ. "ನಮ್ಗೆ ಅರ್ಥ ಆಗ್ದಿದ್ರೂ ಪರ್ವಾಗಿಲ್ಲ. ದೊರೆಗ್ ಆಗ್ಬೇಕು."

"ಆಗುತ್ತೆ" ಎಂದೆ.

ಬರೆದೆ. ಮೊದಲ ನಾಲ್ಕು ಪ್ಯಾರಾ ಜೇನುತುಪ್ಪ. ಐದನೆಯದು ಹೀಗಿತ್ತು: ನಮ್ಮಲ್ಲಿ ಕೇರ್‌ಫುಲ್ ಆದ ಒಬ್ಬ ಮುದುಕನಿದ್ದ. ಅವನು ಬಂಡೆ ತಟ್ಟಿ ತಾನೇ ಮೊದಲು ಒಳಗೆ ಹೋಗುತ್ತಿದ್ದ. ತಾವು ಕೇಜಿನ ಪಕ್ಕ ನಿಂತು ಇನ್ನೊಬ್ಬನನ್ನು ಒಳಗೆ ಕಳಿಸಿದಿರಿ, ಅವನು ಸತ್ತಾಗ ಮೇಲಕ್ಕೆ ಹೋದಿರಿ. ಟಿಮಿಡ್ ಎಂದರೇನೆಂದು ನಮಗೆ ತೋರಿಸಿಕೊಟ್ಟವರು ತಾವು.

ಆ ವಾಕ್ಯಗಳನ್ನು ಬರೆದಾಗ ಆದ ಸುಖವನ್ನು ಮುಚ್ಚಿಡುವುದಿಲ್ಲ. ಬಂಗಾರಪೇಟೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನಿಗೆ ಇಂಗ್ಲಿಷಿನ ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. "ಸಾರ್, ಇಲ್ಲಿ ಟಿ ಚಿಕ್ಕದಾ ದೊಡ್ಡದಾ?" ಎಂದು ಕೇಳಿದ. ದೊಡ್ಡದು ಎಂದೆ. ಬಂಗಾರದ ಬಣ್ಣದ ಶಾಯಿ.

ಸಭೆ ಸಂಜೆ ನಾಲ್ಕಕ್ಕೆ. ಮಧ್ಯಾಹ್ನ ದೊರೆಯ ಮೇಜು ನೋಡಿದೆ. ಪತ್ರ ಪೇಪರ್‌ವೇಟಿನ ಕೆಳಗೇ ಇತ್ತು, ಸಹಿ ಬಿದ್ದಿರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ನನ್ನ ಹಗೆ ಸುಳ್ಳಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ: ನನಗೆ ಗೊತ್ತಿತ್ತು. ಐದನೆಯ ಪ್ಯಾರಾ ಓದದೆ ಬಿಡಬಹುದಿತ್ತು. ದೊರೆ ಹೊರಡುವವರೆಗೆ ಫ್ರೇಮಿನ ಕಾಗದ ಬಿಚ್ಚಬೇಡಿ ಎಂದು ಮೇಸ್ತ್ರಿಗೆ ಹೇಳಬಹುದಿತ್ತು. ಆದರೆ ಅದನ್ನು ಕೇಳಿಸಿಕೊಳ್ಳುವಾಗ ಅವನ ಮುಖ ನೋಡಬೇಕಿತ್ತು ನನಗೆ.

ಓದಿದೆ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಲ್ಲೆಲ್ಲ ಜನ ಚಪ್ಪಾಳೆ ಹೊಡೆದರು. ಅರ್ಥವಾಗದ ಭಾಷಣಕ್ಕೆ ಚಪ್ಪಾಳೆ ಹೊಡೆಯುವ ಜಾಗ ಅದೇ. ಐದನೆಯ ಪ್ಯಾರಾಕ್ಕೂ ಹೊಡೆದರು, ಟಿಮಿಡ್ ಎಂದದ್ದು ಕೇಳಿ ಮಾವನ ಸುದ್ದಿ ಬಂತೆಂದುಕೊಂಡಿರಬೇಕು. ಎರಡನೆಯ ಸಾಲಿನಲ್ಲಿ ಒಗೆದ ಅಂಗಿ ಹಾಕಿಕೊಂಡು ಕೂತಿದ್ದ ಮಾವ ಎಲ್ಲರಿಗಿಂತ ಜೋರಾಗಿ ಹೊಡೆದ.

ವೇದಿಕೆಯ ಮೇಲಿದ್ದ ಇನ್ನೊಬ್ಬ ಅಧಿಕಾರಿ ತಲೆ ತಗ್ಗಿಸಿದ. ಹಾರದೊಳಗಿದ್ದ ದೊರೆಯ ಮುಖ ಮೊದಲು ಬಿಳುಪಾಯಿತು, ಆಮೇಲೆ ಕಿವಿಯವರೆಗೂ ಕೆಂಪಾಯಿತು. ಎದ್ದು ಹೋಗಲು ಆಗದು, ಎದುರಿಗೆ ಮುನ್ನೂರು ಜನ ಪ್ರೀತಿಯಿಂದ ಚಪ್ಪಾಳೆ ಹೊಡೆಯುತ್ತಿದ್ದರು. ಫ್ರೇಮು ತೆಗೆದುಕೊಳ್ಳಲೇಬೇಕಾಯಿತು. ಫೋಟೋದವನು ಬೇರೆ, "ಸಾರ್, ಸ್ವಲ್ಪ ಮೇಲಕ್ಕೆ ಹಿಡೀರಿ, ಅಕ್ಷರ ಕಾಣ್ಲಿ" ಎಂದ. ಮೇಲಕ್ಕೆ ಹಿಡಿದ. ನನ್ನ ಜೀವನದಲ್ಲಿ ಅಂಥ ಇನ್ನೊಂದು ಗಳಿಗೆ ಬರಲಿಲ್ಲ.

ಸಭೆ ಮುಗಿದ ಮೇಲೆ ಅವನು ಆಫೀಸಿಗೆ ಹೋದ. ಕಿಟಕಿಯಲ್ಲಿ ನೋಡಿದೆ. ಪೇಪರ್‌ವೇಟ್ ಎತ್ತಿ ಪತ್ರ ತೆಗೆದುಕೊಂಡ. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಕಾರು ಹತ್ತಿದ.

ಉರಿಗಾಂ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಾ ಮಾವ ಖುಷಿಯಾಗಿದ್ದ. "ಬೋ ಚೆನ್ನಾಗ್ ಓದ್ದೆ ಕಣ್ಲಾ. ದೊರೆ ಮಕ ಕೆಂಪಗಾಗೋಯ್ತು. ಕಣ್ಣಾಗ್ ನೀರ್ ಬಂದಿತ್ತೇನೋ. ಏನಂತ ಬರ್ದಿದ್ದೆ?"

ಹೇಳಿದೆ. ಒಂದೊಂದು ವಾಕ್ಯವನ್ನೂ ಕನ್ನಡ ಮಾಡಿ ಹೇಳಿದೆ. ಪತ್ರ ಜೇಬಿಗೆ ಹೋದದ್ದನ್ನೂ ಹೇಳಿದೆ. ಅವನು ತನ್ನ ಎಡ ಅಂಗೈಯನ್ನು ನೋಡಿಕೊಂಡ.

"ತಟ್ಟಿ ನೋಡ್ದೆ ಬಾಯ್ ಬಿಟ್ಟಲ್ಲೋ" ಎಂದ.

ಗಾಡಿ ಬಂತು, ಹತ್ತಿದೆವು. ಇಳಿದು ಹುರುಳಿ ಹೊಲದ ಬದುವಿನ ಮೇಲೆ ನಡೆಯುವಾಗ, ಮುಂದೆ ಹೋಗುತ್ತಿದ್ದವನು ತಿರುಗದೆಯೇ ಕೇಳಿದ: "ಅದೇನೋ ಎರಡ್ ಮಾತ್ ಏಳ್ತೀಯಲ್ಲ. ಅದ್ರಾಗೆ ನೀನ್ ಯಾವ್ದ್ಲಾ?"

ನಾನು ಕೆಳಗೆ ಬಾಯಿ ತೆರೆಯಬೇಕಾದಾಗ ತೆರೆಯಲಿಲ್ಲ, ಮೇಲೆ ಮುಚ್ಚಬೇಕಾದಾಗ ಮುಚ್ಚಲಿಲ್ಲ. ಅಂಥವನಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿಲ್ಲ.

ವಾರದೊಳಗೆ ನನ್ನ ಕೆಲಸ ಹೋಯಿತು. ಬಂಗಾರಪೇಟೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದೆ. ಹೊಸದಾಗಿ ಬಂದ ಅಧಿಕಾರಿ ರಿಜಿಸ್ಟರ್ ತೆಗೆದು ನೋಡಿ, ಟಿಮಿಡ್ ಎಂದಿರುವವನನ್ನು ಕೆಳಗೆ ಕಳಿಸುವುದಿಲ್ಲ ಎಂದನಂತೆ. ಬರಹ ಅಷ್ಟು ಸ್ಪಷ್ಟವಾಗಿತ್ತು. ಮಾವ ಕೆಲಸ ಬಿಡುವವರೆಗೂ ಅಂಗಳದಲ್ಲಿ ಕಂಬ ಜೋಡಿಸಿದ. ಪಾಳಿ ಇಳಿಯುವ ಹೊತ್ತಿಗೆ ಕೇಜಿನ ಹತ್ತಿರ ಹೋಗಿ ನಿಂತು, ಹಾರೆ ಹಿಡಿದು ಇಳಿಯುವವನಿಗೆ ಪ್ರತಿದಿನ ಒಂದೇ ಮಾತು ಹೇಳುತ್ತಿದ್ದನಂತೆ: "ಯಾರ್ ಕೂಗಿದ್ರೂ ತಿರುಗಿ ನೋಡ್ಬೇಡ."

ಆ ಫ್ರೇಮು ಈಗ ಎಲ್ಲಿದೆಯೋ. ಅಟ್ಟದ ಮೇಲೆ ಹಾಕಿರಬಹುದು, ಗಾಜು ಒಡೆದಿರಬಹುದು. ಸುಟ್ಟಿರಲಾರ ಎಂದು ನನಗೆ ನಂಬಿಕೆ. ಮುನ್ನೂರು ಜನ ಚಪ್ಪಾಳೆ ಹೊಡೆದು ಕೊಟ್ಟದ್ದು. ಸುಡುವುದಕ್ಕೂ ಒಂದು ಧೈರ್ಯ ಬೇಕು.