ಅರಳಿಕಟ್ಟೆಯಲ್ಲಿ ಓಡಿದ ವಿಡಿಯೊ

ಊರಿನ ನ್ಯಾಯ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮದ್ದೂರಿನ ಛತ್ರವೊಂದರಲ್ಲಿ ನಮ್ಮ ನೆಂಟರ ಬೀಗರೂಟ. ಪಂಕ್ತಿಯಲ್ಲಿ ಕೂತಿದ್ದ ನನ್ನ ಮಗಳು ಮುದ್ದೆ ಮುರಿದು, ಸಾರಿಗೆ ಅದ್ದಿ, ಕೆನ್ನೆ ಉಬ್ಬಿಸಿಕೊಂಡು ನುಂಗುತ್ತಿದ್ದಳು. ಹತ್ತನೇ ಕ್ಲಾಸಿನ ಹುಡುಗಿ, ಸ್ವಲ್ಪ ದಪ್ಪ, ಹಸಿದಿದ್ದಳು. ಅದರಲ್ಲಿ ನಗುವಂಥದ್ದು ಏನಿತ್ತೋ ದೇವರಿಗೇ ಗೊತ್ತು. ಅವಳದೇ ಕ್ಲಾಸಿನಲ್ಲಿದ್ದ ನನ್ನ ಭಾವನ ಮಗ ಎದುರಿನಿಂದ ವಿಡಿಯೊ ಮಾಡಿ, ಎಮ್ಮೆಯ ಕೂಗು ಸೇರಿಸಿ, ಕ್ಲಾಸಿನವರ ಗ್ರೂಪಿಗೆ ಬಿಟ್ಟ. ಮಾರನೆಯ ದಿನಕ್ಕೆ ಅದು ಮಳವಳ್ಳಿಯ ಟ್ಯೂಷನ್ ಹುಡುಗರ ತನಕ ಹೋಗಿತ್ತು. ಅವಳ ಮುಖ ಸ್ಟಿಕರ್ ಆಯಿತು. ಅವಳು ಸ್ಕೂಲಿಗೆ ಊಟದ ಡಬ್ಬಿ ಒಯ್ಯುವುದನ್ನೇ ಬಿಟ್ಟಳು. ಸಂಜೆ ಮನೆಗೆ ಬಂದು ಅಪ್ಪ ಅಮ್ಮನ ಜೊತೆ ಕೂತಾಗ ಮಾತ್ರ ಉಣ್ಣುತ್ತಿದ್ದಳು. ನನಗೆ ಉಳಿದಿದ್ದ ಧೈರ್ಯ ಅದೊಂದೇ.

ಪೊಲೀಸರಿಗೆ ಹೇಳುತ್ತೇನೆ ಎಂದೆ.

"ಮಕ್ಳಾಟ್ಕೆ ಪೊಲೀಸಾ? ಮನೆ ಮಾನ ಓಯ್ತದೆ ಕಣವ್ವ. ಕಟ್ಟೇಲೇ ತೀರ್ಮಾನ ಮಾಡ್ಕೊಳವ ಬುಡು" ಎಂದರು ಭಾವ. ಮಗನನ್ನು ಒಂದು ಮಾತೂ ಗದರಲಿಲ್ಲ. ಅಣ್ಣನ ಮುಂದೆ ಎಂದೂ ಬಾಯಿ ಬಿಡದ ನನ್ನ ಗಂಡ ತಲೆಯಾಡಿಸಿದರು.

ಅರಳಿಕಟ್ಟೆಯಲ್ಲಿ ಎಲ್ಲರೂ ಸೇರಿದರು. ಊರಿನ ಯಜಮಾನರು ಗಂಟಲು ಸರಿಮಾಡಿಕೊಂಡು ಹುಡುಗನಿಗೆ ಹೇಳಿದರು: "ಕಣ್ಣಾರೆ ನೋಡ್ದೆ ನ್ಯಾಯ ಏಳಕ್ಕಾಯ್ತದಾ? ಊರ್ ಗ್ರೂಪ್ಗೆ ಆಕ್ಲಾ, ಎಲ್ರೂ ನೋಡ್ಲಿ."

ಬೇಡ ಎಂದು ಕೂಗಿಕೊಂಡೆ.

"ಎಂಗುಸ್ರು ಮಧ್ಯ ಬಾಯಾಕ್ಬಾರ್ದು" ಎಂದರು.

ಹುಡುಗ ಹಾಕಿದ. ಕಟ್ಟೆಯ ತುಂಬ ಎಮ್ಮೆ ಕೂಗಿತು. ಅದುವರೆಗೆ ನೋಡಿರದ ಮುದುಕರೂ ನೋಡಿದರು. ಕೆಲವರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಕ್ಕಳು ಇದನ್ನೆಲ್ಲ ಎಲ್ಲಿ ಕಲಿಯುತ್ತಾರೆ ಎಂದು ಸ್ಕೂಲಿನ ಸಭೆಗಳಲ್ಲಿ ಕೇಳುತ್ತಾರಲ್ಲ, ಅವರು ಅವತ್ತು ನಮ್ಮ ಕಟ್ಟೆಗೆ ಬರಬೇಕಿತ್ತು.

ಹುಡುಗ ನನಗೆ ಕೈಮುಗಿದ, ಮಗಳಿಗಲ್ಲ. ತನ್ನ ಫೋನಿನಿಂದ ವಿಡಿಯೊ ಅಳಿಸಿದ. ನ್ಯಾಯ ಮುಗಿಯಿತು ಎಂದರು.

"ನಿಮ್ ಫೋನ್ಗೆ ಇಳ್ದಿರೋದ್ನ ಯಾರು ತೆಗೀತಾರೆ ಯಜಮಾನ್ರೆ?" ಎಂದೆ.

ಅಳಿಸುವುದು ಅವರಿಗೆ ಬರುತ್ತಿರಲಿಲ್ಲ. ಅದೇ ಹುಡುಗನ ಕೈಗೆ ಫೋನ್ ಕೊಟ್ಟು, "ಒಸಿ ತೆಗ್ದಾಕ್ಲಾ ಮಗ" ಎಂದರು. ಉಳಿದ ಹಿರಿಯರೂ ಒಬ್ಬೊಬ್ಬರಾಗಿ ಅವನ ಮುಂದೆ ಫೋನ್ ಹಿಡಿದು ನಿಂತರು. ಅವನು ಠೀವಿಯಿಂದ ಅಳಿಸುತ್ತಾ ಹೋದ. ಇವರ ಯಜಮಾನಿಕೆಗೆ ಬೆಂಕಿ ಬೀಳಲಿ ಎಂದುಕೊಂಡು ಎದ್ದು ಬಂದೆ.

ಸಂಜೆ ಮಗಳಿಗೆ ಊಟಕ್ಕೆ ಬಡಿಸಿದೆ. ಅವಳು ಮೊದಲ ತುತ್ತು ಎತ್ತುವಾಗ ಜಗಲಿಯಲ್ಲಿ ಎಮ್ಮೆ ಕೂಗಿತು. ನನ್ನ ಗಂಡನೂ ಊರಿನ ಗ್ರೂಪಿನಲ್ಲಿದ್ದರಲ್ಲ. ಅಳಿಸುವ ಮೊದಲು ಒಂದು ಸಲ ನೋಡಿದರಂತೆ. ಕೂಗು ನಿಂತ ಮೇಲೆ ಅವರ ನಗು ಕೇಳಿತು, ಸಣ್ಣದು, ತಡೆದುಕೊಂಡದ್ದು.

ಮಗಳು ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಈಗ ದಿನವೂ ಹಾಗೆಯೇ. ಅವಳು ಉಂಡಳೋ ಇಲ್ಲವೋ ಎಂಬುದನ್ನು ನಾನು ತಟ್ಟೆ ತೊಳೆಯುವಾಗ ನೋಡಿ ತಿಳಿದುಕೊಳ್ಳಬೇಕು.