ಪಾಲಿಗೆ ಸಾಕಿದ ಕೋಳಿ

ಡೈರಿ ಅಕ್ಕನ ಬಲಗೈ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಕೂಟಗಲ್ ಪಕ್ಕದ ಒಂದು ಊರಿನಲ್ಲಿ ಹಾಲಿನ ಡೈರಿ ನಡೆಸುತ್ತಿದ್ದವರು ಅವರೇ. ಬೆಳಿಗ್ಗೆ ಆರಕ್ಕೇ ಹಾಲು ಅಳೆದು, ಸ್ಯಾಂಪಲ್ ಬಾಟಲಿ ತೊಳೆದು, ಆ ಬೆರಳು ಒಣಗುವುದೇ ಅಪರೂಪ. ಸ್ವಂತ ಭಾವ ನೀರು ಬೆರೆಸಿ ತಂದ ಹಾಲನ್ನೂ ಒಮ್ಮೆ ವಾಪಸ್ ಕಳಿಸಿದ್ದರು. "ನೆಂಟಸ್ತನ ಮನೇಲಿಟ್ಟು ಬಾ ಬಾವ, ಕ್ಯಾನಲ್ಲಿ ತರಬ್ಯಾಡ" ಅಂದಿದ್ದರಂತೆ.

ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಗಂಡ ಮಾಗಡಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಪ್ರತಿ ವರ್ಷವೂ ವರ್ಗಾವಣೆಗೆ ಅರ್ಜಿ ಹಾಕುವುದು, ಕೌನ್ಸೆಲಿಂಗಿಗೆ ಹೋಗುವುದು, ಮುಖ ಸಪ್ಪೆ ಮಾಡಿಕೊಂಡು ಬರುವುದು. ಅಕ್ಕನ ಪಕ್ಕದ ಬಾಡಿಗೆ ಮನೆಯಲ್ಲಿದ್ದೆ. ಹಿಂದೆ ಒಳ್ಳೆಯ ಹಿತ್ತಲಿತ್ತು. ನಾಲ್ಕು ಕೋಳಿ ಸಾಕಬೇಕೆಂಬುದು ನನ್ನ ಚಿಕ್ಕಂದಿನ ಆಸೆ. ಆದರೆ ಈ ವರ್ಷ ವರ್ಗವಾಗಿಬಿಟ್ಟರೆ ಎಂದು ಮೂರು ವರ್ಷ ಮುಂದೂಡಿದೆ. ಅದೇ ನೆಪದಲ್ಲಿ ಒಂದು ಕರಿಬೇವಿನ ಗಿಡವನ್ನೂ ನೆಡಲಿಲ್ಲ.

ಒಂದು ಸಂಜೆ ಬೇಲಿಯ ಬಳಿ ನಿಂತು ಅಕ್ಕನ ತಲೆ ತಿಂದೆ. ಕೋಳಿ ತಂದರೆ ಹೋಗುವಾಗ ಯಾರಿಗೆ ಕೊಡಲಿ, ಮಾಗಡಿಯಲ್ಲಿ ಹಿತ್ತಲಿಲ್ಲದ ಮನೆ ಸಿಕ್ಕರೆ ಏನು ಗತಿ, ಹೀಗೆ. ಅಕ್ಕ ಕೇಳುವಷ್ಟು ಕೇಳಿದರು.

"ಏನ್ ಮೇಡಮ್ಮೋರೆ, ಕೂಸು ಹುಟ್ಟೋಕ್ ಮುಂಚೇನೇ ಕುಲಾವಿ ಹೊಲುಸ್ತಾ ಇದ್ದೀರಲ್ಲ. ಇಪ್ಪತ್ತೊಂದು ದಿನ ಇಲ್ಲಿರ್ತೀರೋ ಇಲ್ವೋ, ಅಷ್ಟ್ ಯೋಳಿ."

"ಅಷ್ಟು ದಿನ ಇದ್ದೇ ಇರ್ತೀನಿ ಅಕ್ಕ."

"ಅಂಗಾರೆ ಸಾಕು. ಕಾವಿಗೆ ಕುಂತಿರೋ ಕೋಳಿ ಒಂದೈತೆ, ಮೊಟ್ಟೆ ಸಮೇತ ತಗಂಡೋಗಿ. ಪಾಲಿಗೆ ಸಾಕಿ."

ಪಾಲಿಗೆ ಸಾಕುವುದೆಂದರೆ, ತಾಯಿಕೋಳಿ ಅದನ್ನು ಕೊಟ್ಟವರದೇ. ಮರಿಗಳಲ್ಲಿ ಅರ್ಧ ಸಾಕಿದವರಿಗೆ. ಎರಡು ಪಾಲು ಮಾಡುವುದು ಸಾಕಿದವರು, ಮೊದಲು ಆರಿಸಿಕೊಳ್ಳುವುದು ಕೊಟ್ಟವರು. ಇದು ಅಲ್ಲಿನ ಕಟ್ಟುಪಾಡು.

ಒಂಬತ್ತು ಮರಿಯಾದವು. ನಾನು ಖುಷಿಯಲ್ಲಿ ಮುಚ್ಚಿದ್ದ ಬಿದಿರ ಮಂಕರಿ ಎತ್ತಿ ಹೊರಗೆ ಬಿಟ್ಟ ಮೊದಲ ದಿನವೇ ತಾಯಿಕೋಳಿ ಅಷ್ಟನ್ನೂ ಕರೆದುಕೊಂಡು ಬೇಲಿ ನುಸುಳಿ ಹಳೆಯ ಮನೆಗೆ ಹೊರಟುಹೋಯಿತು. ಅಕ್ಕ ಎಲ್ಲವನ್ನೂ ಸೆರಗಿನಲ್ಲಿ ತುಂಬಿಕೊಂಡು ಬಂದು, "ತೌರುಮನೆಗೆ ಬಂದಿದ್ಲು, ಎಣಿಸ್ಕಳಿ" ಎಂದರು. ಮುಂದೆ ಹದ್ದು ಎರಡನ್ನು, ಮುಂಗುಸಿ ಒಂದನ್ನು ಒಯ್ದಾಗ ನಾನು ಅಳುಮುಖ ಮಾಡಿಕೊಂಡು ಹೋದೆ. "ಅವ್ಕೂ ಒಸಿ ಪಾಲು ಬ್ಯಾಡ್ವಾ?" ಎಂದು ನನ್ನನ್ನೇ ನಗಿಸಿದರು.

ಕೋಳಿಯ ಬಾಲದ ಕೆಳಗೆ ಬೆರಳಿಟ್ಟು ಅದು ಮೊಟ್ಟೆಗೆ ಬಂದಿದೆಯೋ ಇಲ್ಲವೋ ಎಂದು ತಿಳಿಯುವುದನ್ನು ಕಲಿಸಿದವರೂ ಅವರೇ. ಆ ಸುಕ್ಕು ಬೆರಳಿನ ಲೆಕ್ಕ ಒಂದು ದಿನವೂ ತಪ್ಪುತ್ತಿರಲಿಲ್ಲ.

ಆ ವರ್ಷವೇ ಮಾಗಡಿಗೆ ವರ್ಗವಾಯಿತು. ಮರಿಗಳಲ್ಲಿ ಆರು ಉಳಿದು ಬೆಳೆದಿದ್ದವು. ಮೂರು ಹ್ಯಾಟೆಗಳು, ಅಂದರೆ ಎಳೆ ಹೆಣ್ಣುಕೋಳಿಗಳು, ಇಂದೋ ನಾಳೆಯೋ ಮೊದಲ ಮೊಟ್ಟೆ ಇಡುವಂತಿದ್ದವು. ಅದು ನನ್ನ ಬೆರಳಿಗೂ ತಿಳಿದಿತ್ತು. ಅವನ್ನು ಬಿಟ್ಟುಹೋಗಲು ಮನಸ್ಸೇ ಬರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಪಾಲು ಮಾಡುವಾಗ ನಾನು ಮೋಸ ಮಾಡಿದೆ. ಆ ಮೂರನ್ನು ಒಂದು ಮಂಕರಿಗೆ ಹಾಕಿದೆ. ಇನ್ನೊಂದಕ್ಕೆ ಒಂದು ಕುಂಟು ಹ್ಯಾಟೆ, ಒಂದು ಬಡಕಲು ಹ್ಯಾಟೆ, ಅವುಗಳ ಮೇಲೆ ಕಣ್ಣು ಕುಕ್ಕುವಂಥ ಕೆಂಪು ಹುಂಜ. ಹುಂಜ ನೋಡಿ ಅಕ್ಕ ಆ ಕಡೆಗೇ ಹೋಗಲಿ ಎಂಬುದು ನನ್ನ ಎಣಿಕೆ.

ಅಕ್ಕ ಬಂದರು. ನನ್ನ ಮೂರು ಹ್ಯಾಟೆಗಳನ್ನು ಒಂದೊಂದಾಗಿ ಎತ್ತಿ, ಬೆರಳಿಟ್ಟು ನೋಡಿ, ಮೆಲ್ಲಗೆ ಕೆಳಗೆ ಬಿಟ್ಟರು. ಹುಂಜದ ಮಂಕರಿಯೊಳಗೆ ಕೈಯಿಟ್ಟೂ ನೋಡದೆ ಅದನ್ನೇ ಸೊಂಟಕ್ಕೆ ಏರಿಸಿಕೊಂಡರು.

"ಹೊಸಾ ಊರ್ಗೆ ವೋಗೋವು ಗಟ್ಟಿಯಾಗಿರ್ಬೇಕು ಮೇಡಮ್ಮೋರೆ. ಇಲ್ಲಿರೋವ್ಕೆ ನಾನಿವ್ನಿ" ಎಂದರು.

ಮಾಗಡಿಯಲ್ಲಿ ಕೋಳಿಗಾಗಿಯೇ ಹಿತ್ತಲಿರುವ ಮನೆ ಹುಡುಕಬೇಕಾಯಿತು. ಗಂಡ ಗೊಣಗುತ್ತಲೇ ಊರೆಲ್ಲ ಅಲೆದು ಹುಡುಕಿದರು. ತಿಂಗಳಾದ ಮೇಲೆ ಅಕ್ಕನ ಫೋನ್ ಬಂತು. ಮನೆ, ನೀರು, ಸ್ಕೂಲು ಎಲ್ಲ ವಿಚಾರಿಸಿ ಕೊನೆಗೆ, "ಮೂರೂ ಒಟ್ಗೇ ಮೊಟ್ಟೆಗೆ ಬಂದಿರ್ಬೇಕಲ್ಲ?" ಎಂದು ನಕ್ಕರು.

"ಬಂದಿವೆ ಅಕ್ಕ" ಅಂದೆ. ಕಿವಿ ಬಿಸಿಯಾಯಿತು. ಎದುರಿಗೇ ಹೋಗಿ ತಪ್ಪಾಯಿತು ಎನ್ನಬೇಕು ಅಂದುಕೊಂಡೆ. ಮಳೆ ನಿಲ್ಲಲಿ ಎಂದೆ, ಪರೀಕ್ಷೆ ಮುಗಿಯಲಿ ಎಂದೆ, ರಜೆ ಬರಲಿ ಎಂದೆ.

ಹೋದ ವರ್ಷ ಅಕ್ಕ ಡೈರಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಸುದ್ದಿ ತಿಳಿದ ತಕ್ಷಣ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಎರಡು ವರ್ಷ ನನ್ನಿಂದ ಹೋಗಲಾಗದ ಆ ದಾರಿ ಒಂದೂವರೆ ಗಂಟೆಯದು.