ಉಪ್ಪು ನೋಡುವವಳ ಉಪವಾಸ

“ಅವಳ ನಾಲಿಗೆ ಅವಳದಲ್ಲ ಕಣ್ರೀ, ಬೀದಿಯದು,” ಅನ್ನುತ್ತಿದ್ದರು ಅಕ್ಕಪಕ್ಕದವರು. ಹೊಟ್ಟೆಕಿಚ್ಚಿನಿಂದಲ್ಲ, ಹೆಮ್ಮೆಯಿಂದ.

ಉಪ್ಪಕ್ಕ ದರ್ಜಿ ಅಂಗಡಿಗೆ ಅಂಗಿ ಗುಂಡಿಗಳ ಕಾಜಾ ಹೊಲಿದುಕೊಡುತ್ತಿದ್ದ ವಿಧವೆ. ಬೀದಿಯ ಉಳಿದ ಮನೆಗಳೆಲ್ಲ ಬೇರೆ ಧರ್ಮದವು. ಅವರ ಉಪವಾಸದ ದಿನಗಳಲ್ಲಿ ಉಪವಾಸವೆಂದರೆ ಉಪವಾಸವೇ. ಸಂಜೆಯ ಅಡುಗೆ ಮಾಡುವವರು ಹೊತ್ತು ಮುಳುಗುವವರೆಗೆ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸುವಂತಿಲ್ಲ. ಹಾಗಾದರೆ ಉಪ್ಪು ನೋಡುವವರು ಯಾರು? ಉಪ್ಪಕ್ಕ! ಅವಳ ಧರ್ಮದಲ್ಲಿ ಅಂಥ ಉಪವಾಸವಿರಲಿಲ್ಲ, ಮಾಂಸ ಮಾತ್ರ ನಿಷಿದ್ಧ. ಹಾಗಾಗಿ ಪಾತ್ರೆಗೆ ಮಾಂಸ ಬೀಳುವ ಮೊದಲೇ ಅವಳನ್ನು ಕೂಗಬೇಕು, ಅವಳ ಸೌಟು ಬೇರೆ ಇಟ್ಟಿರಬೇಕು. ಇದನ್ನು ಯಾರೂ ತಪ್ಪಿಸುತ್ತಿರಲಿಲ್ಲ.

ಇಂಥವಳಿಗೂ ಬೀದಿಯ ಕೊನೆಯ ಬೇಕರಿಯವನಿಗೂ ಮನಸ್ಸು ಕೂಡಿತು. ಅವನೂ ಹೆಂಡತಿ ಕಳೆದುಕೊಂಡವನು. ಅವನ ಮುದಿ ತಾಯಿ ಒಂದೇ ಮಾತು ಹೇಳಿದಳು: “ಮಾಂಸ ತಿನ್ನು ಅಂತ ಬಲವಂತ ಮಾಡಲ್ಲಮ್ಮ. ಆದ್ರೆ ನಮ್ಮನೆ ಸೊಸೆ ಆಗೋಳು ಒಂದಾದ್ರೂ ಉಪವಾಸ ಹಿಡಿದು ತೋರಿಸ್ಲಿ. ಆಮೇಲೆ ಮದುವೆ ಮಾತು.”

ಬೀದಿಗೆ ಬರಸಿಡಿಲು ಬಡಿಯಿತು. “ಮದುವೆ ಆಗಕ್ಕ, ಯಾರು ಬೇಡ ಅಂದ್ರು? ಉಪವಾಸ ಯಾಕೆ ಹಿಡೀತೀಯ? ನಮ್ಮ ಸಾರಿನ ಗತಿ ಏನು?” ಎಂದಳು ಪಕ್ಕದ ಮನೆಯ ಇಸ್ತ್ರಿಯವಳು.

ಉಪವಾಸ ಹಿಡಿದ ದಿನ ಉಪ್ಪಕ್ಕ ನೀರೂ ಮುಟ್ಟದೆ ಕಾಜಾ ಹೊಲಿದಳು. ಇಳಿಹೊತ್ತಿಗೆ ಇಸ್ತ್ರಿಯವಳ ಕಿಟಕಿಯಿಂದ ಸಾರಿನ ಘಮ ಬಂತು. ಅಭ್ಯಾಸಬಲ ನೋಡಿ, “ಅಕ್ಕಾ!” ಎಂದು ಅವಳು ಕೂಗಿದಳು, “ಬಂದೆ!” ಎಂದು ಇವಳು ಓಡಿದಳು. ಉಪ್ಪಕ್ಕ ಸೌಟಿನ ಸಾರು ಸವಿದು, “ಇನ್ನೊಂದು ಚಿಟಿಕೆ ಹಾಕು,” ಎಂದಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು.

“ನಾನೇನೂ ನೋಡಿಲ್ಲಪ್ಪ. ನನ್ನ ಬಾಯಿಗೆ ಬೀಗ,” ಎಂದಳು ಇಸ್ತ್ರಿಯವಳು.

“ನಿನ್ನ ಬಾಯಿಗೆ ಬೀಗ ಹಾಕ್ಕೋತೀಯ, ನನ್ನ ಹೊಟ್ಟೆಗೆ?”

ಮದುವೆ ಕೈತಪ್ಪಿತೆಂದೇ ಅಂದುಕೊಂಡು ಉಪ್ಪಕ್ಕ ನೆಟ್ಟಗೆ ಬೇಕರಿಗೆ ಹೋಗಿ ಎಲ್ಲ ಒಪ್ಪಿಸಿದಳು.

ಮುದುಕಿ ಕೇಳಿದಳು, “ಉಗಿದ್ಯೋ, ನುಂಗಿದ್ಯೋ?”

“ನುಂಗಿಬಿಟ್ಟೆ ಅತ್ತೆ. ಚೆನ್ನಾಗಿತ್ತು.”

ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡ. ಮುದುಕಿಗೂ ನಗು ತಡೆಯಲಾಗಲಿಲ್ಲ. “ಮರೆತು ತಿಂದ್ರೆ ಅದು ದೇವರು ಕೊಟ್ಟ ತುತ್ತು ಅಂತಿದ್ರು ನಮ್ಮ ಹಿರಿಯರು. ಮುಚ್ಚಿಟ್ಟಿದ್ರೆ ಉಪವಾಸ ಮುರೀತಿತ್ತು. ಹೊತ್ತು ಇನ್ನೂ ಮುಳುಗಿಲ್ಲ, ಇಲ್ಲೇ ಕೂತು ಮುಗಿಸು. ಆ ಕಿಟಕಿ ಹತ್ರ ಮಾತ್ರ ಹೋಗ್ಬೇಡ ಮಾರಾಯ್ತಿ!”

ಮರುವಾರ ಮದುವೆಯಾಯಿತು. ಉಪ್ಪಕ್ಕ ಬಾಡಿಗೆ ಮನೆ ಗುಡಿಸಿ, ಟ್ರಂಕು ಹೊರಗಿಟ್ಟಳು. ಇಸ್ತ್ರಿಯವಳು ಗೊಳೋ ಎಂದು ಅತ್ತಳು.

“ಹೋಗ್ತಿರೋದು ಬೀದಿ ಕೊನೆಗೆ ಕಣೇ, ಕಡಲಾಚೆಗಲ್ಲ!”

ಬೀಗ ಹಾಕಿ, ಕೀಲಿಕೈ ಮಾಲೀಕನಿಗೆ ಕೊಟ್ಟಳು. ಟ್ರಂಕಿನ ಒಂದು ಹಿಡಿಕೆ ಬೇಕರಿಯವನು ಹಿಡಿದ. ಇನ್ನೊಂದನ್ನು ತಾನೇ ಹಿಡಿದು ಉಪ್ಪಕ್ಕ ಮೆಟ್ಟಿಲಿಳಿದಳು.